ಕಡಲೆ ಹುಳಿಯ ಚಳಿಗಾಲ

ಕಳೆದ ಡಿಸೆಂಬರಿನಲ್ಲಿ ಬಸವಕಲ್ಯಾಣಕ್ಕೆ ಮದುವೆಗೆ ಹೊರಟವಳು ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಇಳಿದು, ಮುಂದಿನ ಬಸ್ಸಿಗೆ ಕಾಯುತ್ತಾ, ಹಸಿ ಕಡಲೆ ಗಿಡದ ಒಂದು ಕಟ್ಟು ಕೊಂಡೆ. ನಾಲ್ಕು ಕಾಯಿ ಸುಲಿಯುವಷ್ಟರಲ್ಲಿ ಬೆರಳೆಲ್ಲ ಅಂಟಂಟು. ಅಭ್ಯಾಸಬಲ, ಬೆರಳ ತುದಿ ನೆಕ್ಕಿಬಿಟ್ಟೆ. ಹುಳಿ ನಾಲಿಗೆಗೆ ತಾಗಿದ್ದೇ ತಡ, ಕಣ್ಣಲ್ಲಿ ನೀರು ತುಂಬಿತು. ಮಾರುವ ಹೆಂಗಸು ನೋಡಿ ನಕ್ಕಳು, "ಯಾಕ್ರಿ ಬಾಯಿ, ಅಷ್ಟು ಹುಳಿ ಅದೇನ್ರಿ?" ಹುಳಿಗಲ್ಲ ತಾಯಿ, ನೀಲಮ್ಮನ ನೆನಪಿಗೆ ಎಂದು ಹೇಳಬೇಕೆಂದರೆ ಆಕೆಗೆ ನೀಲಮ್ಮ ಯಾರೆಂದು ಹೇಗೆ ಗೊತ್ತಾಗಬೇಕು? ಸುಮ್ಮನೆ ಇನ್ನೊಂದು ಕಟ್ಟು ಕೊಂಡೆ.

ಎಂಬಿಬಿಎಸ್ ಮುಗಿಸಿದ ಮೇಲೆ ಕಡ್ಡಾಯ ಗ್ರಾಮೀಣ ಸೇವೆಗೆಂದು ನನ್ನನ್ನು ಹಾಕಿದ್ದು ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ, ಹೆದ್ದಾರಿಯಿಂದ ಒಳಕ್ಕಿರುವ ಒಂದು ಊರಿನ ಆರೋಗ್ಯ ಕೇಂದ್ರಕ್ಕೆ. ತುಮಕೂರಿನ ಕಡೆಯವಳು ನಾನು. ಬಂದ ಮೊದಲ ವಾರ ಅಲ್ಲಿನ ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ, ಅರ್ಥವಾದ ಅರ್ಧಕ್ಕೆ ಸಿಟ್ಟು ಬರುತ್ತಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ. ಕಾಲೇಜಿನಲ್ಲಿ ಗೆಳತಿಯರು ನನ್ನನ್ನು ಬಾಯಿ ಬೊಂಬಾಯಿ ಎಂದು ಕರೆಯುತ್ತಿದ್ದರು. ಈ ಊರಿನವರು ಬಂದ ದಿನದಿಂದ ಡಾಕ್ಟರ್ ಬಾಯಿ ಎಂದು ಕರೆಯತೊಡಗಿದಾಗ, ಇವರಿಗೂ ಅಷ್ಟು ಬೇಗ ಗೊತ್ತಾಯಿತೇ ಎಂದು ಗಾಬರಿಯಾಗಿದ್ದೆ. ಅದು ಅಲ್ಲಿ ಹೆಂಗಸರಿಗೆ ಕೊಡುವ ಮರ್ಯಾದೆ ಎಂದು ನಮ್ಮ ನರ್ಸ್ ಜುಬೇದಾ ಸಿಸ್ಟರ್ ತಿಳಿಸಿ ಹೇಳಿದರು.

ನಾನು ಬಾಡಿಗೆಗಿದ್ದದ್ದು ನೀಲಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ನೀಲಮ್ಮ ಅರವತ್ತು ದಾಟಿದವರು, ಗಂಡ ತೀರಿಕೊಂಡಿದ್ದರು. ಮಗ ಶರಣು ಹುಮನಾಬಾದಿನ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಾ, ಬಿಡುವಿದ್ದಾಗ ಹೊಲವನ್ನೂ ನೋಡಿಕೊಳ್ಳುತ್ತಿದ್ದ. ಸೊಸೆ ಸುನೀತಾ ಮಂಠಾಳದವಳು, ಮದುವೆಯಾಗಿ ಎರಡು ವರ್ಷ. ಅತ್ತೆ ಸೊಸೆ ಬೆಳಿಗ್ಗೆ ಎದ್ದರೆ ಜಗಳ, ಮಲಗುವ ತನಕ ಜಗಳ. ರೊಟ್ಟಿ ದಪ್ಪವಾಯಿತು ಅಂತ ಒಂದು ದಿನ, ಮೊಬೈಲ್ ನೋಡುತ್ತಾ ಹಾಲು ಉಕ್ಕಿಸಿದಳು ಅಂತ ಇನ್ನೊಂದು ದಿನ. ಗೋಡೆಯ ಆಚೆ ಕೂತು ನಾನು ಬೇಡವೆಂದರೂ ಕೇಳಬೇಕು. ಸುನೀತಾ ತಾನೇನು ಕಡಿಮೆಯೇ, "ಒಂದಿನ ಎಣ್ಣಿ ಕುಡದು ಸಾಯ್ತೀನಿ, ಆಗ ನಿಮಗ ಮಾಲೂಮ್ ಆಗ್ತದ" ಎಂದು ಪಾತ್ರೆ ಕುಕ್ಕುತ್ತಿದ್ದಳು. ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೆ ಅಲ್ಲಿ ಎಣ್ಣೆ ಎನ್ನುತ್ತಾರೆ. ಹತ್ತು ನಿಮಿಷ ಕಳೆದರೆ ಅದೇ ಸೊಸೆಯ ತಲೆಗೆ ಅದೇ ಅತ್ತೆ ಕೊಬ್ಬರಿ ಎಣ್ಣೆ ತಿಕ್ಕುತ್ತಾ ಕೂತಿರುತ್ತಿದ್ದರು. ಇದನ್ನೆಲ್ಲ ನೋಡಿ ನೋಡಿ ನನಗೆ ಆ ಜಗಳ ಗಡಿಯಾರದ ಸದ್ದಿನ ಹಾಗೆ ಆಗಿಬಿಟ್ಟಿತ್ತು.

ಆ ಚಳಿಗಾಲ ನನ್ನ ಪಾಲಿಗೆ ವಿಷದ ಪಾಠಶಾಲೆ. ಕಾಡು ಔಡಲದ ಬೀಜ ಶೇಂಗಾದಂತೆ ರುಚಿ ಅಂತ ತಿಂದು ವಾಂತಿ ಮಾಡಿಕೊಂಡ ಮಕ್ಕಳು ಬಂದರು. ಒಬ್ಬ ಅಜ್ಜ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಎರಡು ಅಂಗಡಿಯಲ್ಲಿ ಎರಡು ಹೆಸರಿನಲ್ಲಿ ತಂದು ಎರಡನ್ನೂ ನುಂಗಿ, ಬೆವೆತು ಬಿದ್ದಿದ್ದ. ನರಕ್ಕೆ ಗ್ಲೂಕೋಸ್ ಹೋದೊಡನೆ ಎದ್ದು ಕೂತು ಬೀಡಿ ಕೇಳಿದ. ಹುಡುಗಿಯೊಬ್ಬಳು ಅಪ್ಪನ ಮೇಲಿನ ಸಿಟ್ಟಿಗೆ ಜ್ವರದ ಮಾತ್ರೆಯ ಹಾಳೆ ಹಾಳೆಯನ್ನೇ ನುಂಗಿ, ಮರುದಿನ ಆರಾಮಾಗಿ ನನ್ನ ಮುಂದೆ ಕೂತಿದ್ದಳು. "ನಕ್ಕೊಂತ ಕುಂತಾಳಲ್ರಿ, ಬೀದರಕ್ಕ ಯಾಕ ಒಯ್ಬೇಕು?" ಎಂದ ಅಪ್ಪನ ಮೇಲೆ ಕೂಗಾಡಿ ಕಳಿಸಿದೆ. ಆ ಮಾತ್ರೆ ಮೊದಲ ದಿನ ಏನೂ ತೋರಿಸುವುದಿಲ್ಲ, ಒಳಗೊಳಗೇ ಲಿವರ್ ತಿನ್ನುತ್ತದೆ, ನೋವು ಕಾಣುವ ತನಕ ಕಾದರೆ ತಡವಾಗಿರುತ್ತದೆ. ಹುಡುಗಿ ಉಳಿದಳು. ಅಪ್ಪ ಬಂದು ಒಂದು ಚೀಲ ತೊಗರಿಬೇಳೆ ಇಟ್ಟು ಹೋದ.

ಕಡಲೆ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ನೀಲಮ್ಮನ ಇನ್ನೊಂದು ಕಸುಬು ಶುರುವಾಗುತ್ತಿತ್ತು. ಸಂಜೆ ಹೊಲಕ್ಕೆ ಹೋಗಿ, ಒಗೆದು ಬಿಳಿಯಾಗಿಸಿದ ಗಂಡನ ಹಳೆಯ ಧೋತರವನ್ನು ಕಡಲೆ ಗಿಡಗಳ ಮೇಲೆ ಹಾಸಿ ಬರುವುದು. ರಾತ್ರಿಯೆಲ್ಲ ಇಬ್ಬನಿ ಬಿದ್ದು, ಎಲೆಯ ಮೇಲಿನ ಹುಳಿಯೆಲ್ಲ ಬಟ್ಟೆಗೆ ಇಳಿಯುತ್ತದೆ. ಬೆಳಕು ಹರಿಯುವಾಗ ಆ ಬಟ್ಟೆಯನ್ನು ಹಿಂಡಿ, ಬಂದ ನೀರನ್ನು ಬಾಟಲಿಗೆ ತುಂಬಿಡುವುದು. ಅದೇ ಕಡಲೆ ಹುಳಿ. ಹೊಟ್ಟೆನೋವು, ಅಜೀರ್ಣ, ವಾಕರಿಕೆ ಯಾವುದಕ್ಕಾದರೂ ಒಂದು ಚಮಚ. ನನಗೂ ಒಮ್ಮೆ ಕುಡಿಸಿದ್ದರು. "ನಿಮ್ಮ ಗುಳಿಗಿ ಆಮ್ಯಾಗ ನುಂಗ್ರಿ ಬಾಯಿ, ಮೊದಲ ಇದು ಕುಡೀರಿ." ನಿಜ ಹೇಳುತ್ತೇನೆ, ನನ್ನ ಹೊಟ್ಟೆ ಆ ದಿನ ಸರಿಹೋಗಿತ್ತು. ಓಣಿಯವರೆಲ್ಲ ಲೋಟ ಹಿಡಿದು ಬರುತ್ತಿದ್ದರು. ನೀಲಮ್ಮನ ಕೈಗುಣ ದೊಡ್ಡದು ಎಂದು ಊರಲ್ಲಿ ಹೆಸರು, ಆ ಹೆಸರಿನ ಮೇಲೆ ಅವರಿಗೂ ಸಣ್ಣ ಹೆಮ್ಮೆ.

ಆ ದಿನ ಹೊರರೋಗಿಗಳನ್ನು ನೋಡುತ್ತಾ ಕೂತಿದ್ದೆ. ಹೊರಗೆ ಟಂಟಂ ಆಟೋ ಬಂದು ನಿಂತಿತು, ಗದ್ದಲವಾಯಿತು. ನಾಲ್ಕು ಜನ ಸುನೀತಾಳನ್ನು ಎತ್ತಿ ತರುತ್ತಿದ್ದರು. ಹಿಂದೆ ನೀಲಮ್ಮ, ಸೆರಗು ಬಾಯಿಗೆ ಒತ್ತಿಕೊಂಡು. ಹಿಂದಿನ ಸಂಜೆ ತಾನೇ ಗೋಡೆಯಾಚೆ ಜಗಳ ಕೇಳಿದ್ದೆ, ಎಣ್ಣೆ ಕುಡಿಯುವ ಮಾತೂ ಕೇಳಿದ್ದೆ.

ಬಾಯಿಯಿಂದ ನೊರೆ, ಜೊಲ್ಲು. ಮೈಯೆಲ್ಲ ಬೆವರು, ಅದೂ ಆ ಚಳಿಯಲ್ಲಿ. ಸೀರೆ ಒದ್ದೆಯಾಗಿತ್ತು. ತೊಡೆಯ ಮಾಂಸಖಂಡಗಳು ಚರ್ಮದ ಕೆಳಗೆ ಪಟಪಟ ಅದುರುತ್ತಿದ್ದವು. ರೆಪ್ಪೆ ಎತ್ತಿ ನೋಡಿದರೆ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿತ್ತು. ಎದೆಗೆ ಸ್ಟೆತ್ ಇಟ್ಟರೆ ಒಳಗೆಲ್ಲ ಗೊರಗೊರ. ಇಷ್ಟೂ ಒಟ್ಟಿಗೆ ಕಂಡರೆ ಹೊಲದ ವಿಷವೇ, ಬೇರೆ ಯೋಚನೆ ಬೇಡ.

"ಏನು ಕುಡಿದಳು? ಯಾವಾಗ? ಡಬ್ಬಿ ಎಲ್ಲಿ?"

"ಏನೂ ಕುಡದಿಲ್ರಿ ಬಾಯಿ. ನಿಮ್ಮ ಕಸಂ. ನಸುಕಿನಾಗ ಹೊಟ್ಟಿ ನೋಯಾಕತ್ತದ ಅಂದಳು. ಆಮ್ಯಾಗ ವಾಂತಿ ಶುರು ಆತು." ಎಂದರು ನೀಲಮ್ಮ.

ಎಲ್ಲರೂ ಹೀಗೇ ಹೇಳುತ್ತಾರೆ. ಪೊಲೀಸರ ಭಯ, ಊರ ಬಾಯಿಯ ಭಯ. ಒಬ್ಬರು ಹಾವು ಕಚ್ಚಿತು ಅನ್ನುತ್ತಾರೆ, ಇನ್ನೊಬ್ಬರು ದೆವ್ವ ಅನ್ನುತ್ತಾರೆ. ನಾನು ಕಿರುಚಿದೆ, "ಸುಳ್ಳು ಹೇಳಿದರೆ ಸೊಸೆ ಉಳಿಯಲ್ಲ ನೀಲಮ್ಮಾ!" ಅವರು ಕೈಮುಗಿದು ನಿಂತರು. ಯಾರೋ ಉಪ್ಪುನೀರಿನ ಚೊಂಬು ತಂದು, ಕುಡಿಸಿ ವಾಂತಿ ಮಾಡಿಸೋಣ ಎಂದರು. ಅರೆಪ್ರಜ್ಞೆಯಲ್ಲಿರುವವಳಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಆಗ ವಿಷ ಕೊಲ್ಲದಿದ್ದರೂ ಉಪ್ಪುನೀರು ಕೊಲ್ಲುತ್ತದೆ. ಚೊಂಬನ್ನು ಹೊರಗೆ ಎಸೆದೆ.

ಜುಬೇದಾ ಸಿಸ್ಟರ್ ಆಗಲೇ ಎಡಮಗ್ಗುಲಿಗೆ ಮಲಗಿಸಿ, ಬಾಯಿಯ ಜೊಲ್ಲು ಎಳೆದು, ಆಕ್ಸಿಜನ್ ಹಚ್ಚಿದ್ದರು. ನರ ಸಿಕ್ಕಿತು. ಈ ವಿಷಕ್ಕೆ ಪ್ರತಿಮದ್ದಾದ ಅಟ್ರೋಪಿನ್ ಕೊಟ್ಟೆ. ಸ್ವಲ್ಪ ಕಾದು ಎದೆ ಕೇಳಿದೆ, ಗೊರಗೊರ ಹಾಗೇ ಇತ್ತು. ಹಿಂದಿನದಕ್ಕಿಂತ ಎರಡರಷ್ಟು ಕೊಟ್ಟೆ. ಮತ್ತೆ ಕೇಳಿದೆ. ಈ ವಿಷಕ್ಕೆ ಅದೇ ಕ್ರಮ. ಪಾಪೆ ದೊಡ್ಡದಾಯಿತೇ ಎಂದು ನೋಡಿ ನಿಲ್ಲಿಸುವುದಲ್ಲ, ಎದೆ ಒಣಗುವ ತನಕ ಕೊಡುತ್ತಾ ಹೋಗಬೇಕು. ನಡುನಡುವೆ ಸೀರೆ ರವಿಕೆ ಬಿಚ್ಚಿಸಿ, ಕೈಗವಸು ಹಾಕಿಕೊಂಡು, ಸೋಪು ನೀರಿನಲ್ಲಿ ಮೈಯೆಲ್ಲ ತೊಳೆದೆವು. ಆಂಬುಲೆನ್ಸಿಗೆ ಫೋನ್ ಮಾಡಿದರೆ, ಇನ್ನೊಂದು ಕೇಸ್ ಬಿಟ್ಟು ಬರುತ್ತೇವೆ, ತಡವಾಗುತ್ತದೆ ಎಂದರು. ಯಾವ ದೇವರಿಗೆ ಹರಕೆ ಹೊರಲಿ ಎಂದು ಜುಬೇದಾ ಸಿಸ್ಟರನ್ನು ಕೇಳಿದೆ. "ಇಬ್ಬರಿಗೂ ಹೊತ್ತಬಿಡ್ರಿ ಮೇಡಂ, ನಿಮ್ಮ ದೇವ್ರಿಗಿ, ನಮ್ಮ ಅಲ್ಲಾಹ್‌ಗ" ಎಂದರು, ಮುಂದಿನ ಔಷಧಿ ತುಂಬುತ್ತಾ.

ಅಷ್ಟರಲ್ಲಿ ಸುನೀತಾಳ ಅಣ್ಣ ಪರಮೇಶ ಮಂಠಾಳದಿಂದ ಬೈಕಿನಲ್ಲಿ ಬಂದಿಳಿದ. ಬಾಗಿಲಲ್ಲಿ ಅತ್ತೆಯನ್ನು ಕಂಡವನೇ ಹಾರಿಬಿದ್ದ, "ಏನ್ ಮಾಡೀರಿ ನಮ್ಮ ತಂಗಿಗಿ? ದಿನಾ ಕಾಡಿಸಿ ಕಾಡಿಸಿ ಕೊಂದ್ರೇನು?" ನೀಲಮ್ಮ ಗೋಡೆಗೆ ಸರಿದು ನಿಂತರು.

ಒಳಗೆ ಸುನೀತಾಳ ಎದೆ ಸ್ವಲ್ಪ ಹಗುರವಾಗಿತ್ತು, ಆದರೆ ಅಟ್ರೋಪಿನ್ ತಲೆಗೂ ಏರಿತ್ತು. ಅದು ಹೆಚ್ಚಾದರೆ ಬಾಯಿ ಒಣಗಿ, ಮೈ ಕಾದು, ರೋಗಿ ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಾ ಬಡಬಡಿಸುತ್ತಾಳೆ. ಸುನೀತಾ ಬಡಬಡಿಸಿದ್ದು ಒಂದೇ ಮಾತು. "ಅತ್ತಿ ಕೊಟ್ಟಾಳ... ಅತ್ತಿ ಕೊಟ್ಟಾಳ..."

ಬಾಗಿಲಲ್ಲಿದ್ದ ಎಲ್ಲರಿಗೂ ಕೇಳಿಸಿತು. ಪರಮೇಶ ಮುಷ್ಟಿ ಬಿಗಿಹಿಡಿದು ತಿರುಗಿದ. "ಕೇಳಿದ್ರಿಲ್ಲ ಮೇಡಂ? ಅಕೀನೇ ಹೇಳಾಕತ್ತಾಳ! ಈ ಮುದುಕಿನ್ನ ಜೇಲಿಗಿ ಹಾಕಸ್ತೀನಿ!"

ನೀಲಮ್ಮ ಆಗ ಮುಂದೆ ಬಂದರು. "ಹೌದು, ನಾನ ಕೊಟ್ಟೀನಿ" ಎಂದರು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸಣ್ಣ ಬಾಟಲಿ ತೆಗೆದು ಎತ್ತಿ ಹಿಡಿದರು. "ಹುಳಿ ಕೊಟ್ಟೀನಿ. ಹೊಟ್ಟಿ ನೋಯ್ತದ ಅಂದಳು, ಹೊಸಾ ಹುಳಿ ಹಿಂಡಿ ತಂದು ಕೊಟ್ಟೀನಿ. ಕಮ್ಮಿ ಆಗಲಿಲ್ಲ, ಮತ್ತೂ ಕೊಟ್ಟೀನಿ. ಇಲ್ಲೇ ಬಾಯಿಯವರು ಇಲ್ಲದಾಗ ಇನ್ನೊಂದು ಚಮಚಾ ಹಾಕಬೇಕಂತ ಬಾಟ್ಲಿ ತಂದೀನಿ. ಅದರಾಗ ವಿಷ ಅದ ಅಂದ್ರ, ತಗೋ, ನಾನೂ ಕುಡೀತೀನಿ!" ಎಂದು ಮುಚ್ಚಳ ಬಿಚ್ಚಿ ಬಾಯಿಗೆ ಏರಿಸಿಯೇಬಿಟ್ಟರು.

ನಾನು ಹಾರಿ ಅವರ ಮಣಿಕಟ್ಟು ಹಿಡಿದೆ. ಬಾಟಲಿ ತಪ್ಪಿ ಕೋಣೆಯ ಮೂಲೆಗೆ ಉರುಳಿತು. ಮಣಿಕಟ್ಟು ಹಿಡಿದ ಕೈಯನ್ನು ಬಿಡಲಾಗಲಿಲ್ಲ. ಅವರ ಕೈ ನೆನೆದ ಬಟ್ಟೆಯ ಹಾಗೆ ಬೆವೆತಿತ್ತು, ಹೆಬ್ಬೆರಳ ಬುಡ ತಾನಾಗಿಯೇ ಅದುರುತ್ತಿತ್ತು. ಭಯಕ್ಕೆ ಕೈ ನಡುಗುವುದು ಬೇರೆ, ಇದು ಬೇರೆ. ಟಾರ್ಚ್ ಬಿಟ್ಟು ಅವರ ಕಣ್ಣು ನೋಡಿದೆ. ಅಲ್ಲಿಯೂ ಪಾಪೆ ಚುಕ್ಕಿಯಷ್ಟಾಗಿತ್ತು. ಕಣ್ಣೀರು ನಿಲ್ಲದೆ ಸುರಿಯುತ್ತಿತ್ತು. ಬೆಳಗಿನಿಂದ ಅಳುತ್ತಿದ್ದಾರೆ ಎಂದುಕೊಂಡಿದ್ದೆ, ಆ ನೀರಿನಲ್ಲಿ ವಿಷದ ಪಾಲೂ ಇತ್ತು.

"ನೀಲಮ್ಮಾ, ಬಟ್ಟೆ ಹಿಂಡಿದ್ದು ಬರಿಗೈಯಲ್ಲೇ?"

"ಮತ್ತ ಹ್ಯಾಂಗ ಹಿಂಡ್ಬೇಕ್ರಿ?"

ಅಲ್ಲೇ ಶರಣುವಿಗೆ ಫೋನ್ ಹಚ್ಚಿದೆ. ವಿಷಯ ಕೇಳಿ ಆಗಲೇ ಹುಮನಾಬಾದಿನಿಂದ ಹೊರಟಿದ್ದ. "ಶರಣು, ಕಡಲೆಗೆ ಏನಾದರೂ ಹೊಡೆದಿದ್ದೀಯಾ?"

"ಹೌದ್ರಿ. ಕೀಡಿ ಭಾಳ ಆಗಿತ್ತು. ನಿನ್ನಿ ಮಧ್ಯಾಹ್ನ ಹೊಡದು ಹಂಗ ಡ್ಯೂಟಿಗಿ ಬಂದೀನಿ. ಅವ್ವ ಬಸವಕಲ್ಯಾಣಕ್ಕ ಹೋಗಿದ್ದಳು, ಹೇಳಾಕ ಆಗಲಿಲ್ರಿ. ಯಾಕ್ರಿ?" ನಾನು ಉತ್ತರ ಕೊಡುವಷ್ಟರಲ್ಲಿ ಅವನಿಗೇ ಹೊಳೆದಿರಬೇಕು. "ಅಯ್ಯಯ್ಯೋ, ಅವ್ವ ಧೋತರ ಹಾಸ್ಯಾಳೇನ್ರಿ?" ಎಂದವನು ಗೊಳೋ ಎಂದು ಅಳತೊಡಗಿದ.

ಏನು ತಿಂದಳು, ಏನು ಕುಡಿದಳು ಎಂದು ನಾನು ಹತ್ತು ಸಲ ಕೇಳಿದ್ದೆ. ಯಾರೂ ಸುಳ್ಳು ಹೇಳಿರಲಿಲ್ಲ. ಆ ಊರಿನಲ್ಲಿ ಹುಳಿಯನ್ನು ಯಾರೂ ತಿಂದದ್ದರ, ಕುಡಿದದ್ದರ ಲೆಕ್ಕಕ್ಕೆ ಸೇರಿಸುವುದಿಲ್ಲ. ಮೊದಲ ಹೊಟ್ಟೆನೋವು ರಾತ್ರಿ ತಿಂದ ಮಿರ್ಚಿ ಭಜಿಯದು ಅಷ್ಟೇ. ಹುಳಿ ಹೊಟ್ಟೆಗೆ ಹೋದ ಮೇಲೆ ಹೊಟ್ಟೆ ಹಿಂಡಿತು, ಹಿಂಡಿದ್ದಕ್ಕೆ ಮತ್ತೆ ಹುಳಿ.

ಪರಮೇಶನನ್ನು ಕೈಹಿಡಿದು ಒಳಗೆ ಎಳೆದುಕೊಂಡು ಬಂದೆ. ಇಬ್ಬರ ಕಣ್ಣಿಗೂ ಟಾರ್ಚ್ ಬಿಟ್ಟು ತೋರಿಸಿದೆ. "ನೋಡಪ್ಪಾ. ಇದು ನಿನ್ನ ತಂಗಿ. ಔಷಧಿ ಹೋಗಿ ಈಗ ಪಾಪೆ ಅಗಲವಾಗುತ್ತಿದೆ. ಇದು ನೀಲಮ್ಮ. ಸೊಸೆಗೆ ವಿಷ ಹಾಕುವವಳು ಅದೇ ವಿಷದಲ್ಲಿ ತನ್ನ ಕೈ ಅದ್ದಿ ಹಿಂಡುತ್ತಾಳೆಯೇ? ಕೂಗಾಡೋದು ಆಮೇಲೆ ಇಬ್ಬರೂ ಸೇರಿ ಕೂಗಾಡೋಣ, ನನಗೂ ಬರುತ್ತೆ. ಈಗ ಶರಣು ಕಡಲೆಗೆ ಹೊಡೆದ ಎಣ್ಣೆಯ ಡಬ್ಬಿ ಹೊಲದ ಗುಡಿಸಲಲ್ಲಿ ಇದೆಯಂತೆ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ತಗೊಂಡು ಬಾ. ಅದರ ಮೇಲಿನ ಹೆಸರು ದೊಡ್ಡ ಆಸ್ಪತ್ರೆಯವರಿಗೆ ಬೇಕು." ಅವನು ಒಂದು ಕ್ಷಣ ನೀಲಮ್ಮನ ಕಣ್ಣನ್ನೇ ನೋಡಿದ. ಆಮೇಲೆ ಬೈಕ್ ಹತ್ತಿ ಹೋದ.

ನೀಲಮ್ಮನ ಕೈ, ಮೈ ಸೋಪು ಹಚ್ಚಿ ತೊಳೆಸಿ, ಬೇರೆ ಸೀರೆ ಉಡಿಸಿ, ಅವರಿಗೂ ಒಂದು ಸೂಜಿ ಹಾಕಿದೆ. ಹೊಸ ಹುಳಿ ಬೇರೆ ಯಾರಿಗಾದರೂ ಕೊಟ್ಟಿರಾ ಎಂದು ಕೇಳಿದೆ. ಇಲ್ಲ, ಇನ್ನೂ ಯಾರೂ ಲೋಟ ತಂದಿರಲಿಲ್ಲ. ಆಂಬುಲೆನ್ಸ್ ಬಂದಾಗ ಅತ್ತೆ ಸೊಸೆ ಇಬ್ಬರನ್ನೂ ಹತ್ತಿಸಿಕೊಂಡು ನಾನೂ ಹತ್ತಿದೆ. ದಾರಿಯುದ್ದಕ್ಕೂ ನೀಲಮ್ಮ ಸುನೀತಾಳ ಕಾಲ ಬಳಿ ಕೂತಿದ್ದರು, ಮುಟ್ಟಲಿಲ್ಲ. ಕೈಗಳನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡಿದ್ದರು.

ಸುನೀತಾ ಉಳಿದಳು. ಎರಡು ದಿನ ಉಸಿರಾಟದ ಯಂತ್ರದಲ್ಲಿದ್ದು, ಮೂರನೆಯ ದಿನ ನನ್ನನ್ನು ನೋಡಿ, "ನಮ್ಮ ಅತ್ತಿ ಆರಾಮ ಅದಾಳೇನ್ರಿ?" ಎಂದು ಕೇಳಿದಳು. ನಿಯಮದಂತೆ ಪೊಲೀಸರಿಗೆ ತಿಳಿಸಿದ್ದೆ. ಅವರು ಬಂದಾಗ ಅವಳು ಹೇಳಿದ್ದು ಇಷ್ಟೇ, "ನನ್ನ ಹೊಟ್ಟಿ ನೋಯ್ತಿತ್ತು, ನಮ್ಮ ಅತ್ತಿ ಔಷಧ ಕೊಟ್ಟಾಳ." ಆಮೇಲೆ ತವರಿನವರು ಸುಧಾರಿಸಿಕೊಳ್ಳಲೆಂದು ಮಂಠಾಳಕ್ಕೆ ಕರೆದೊಯ್ದರು. ಅದು ಸರಿಯೇ. ಆದರೆ ಮತ್ತೆ ಕಳಿಸುತ್ತಾರೋ ಇಲ್ಲವೋ ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ಶರಣುವಿಗೂ ಆಗಲಿಲ್ಲ.

ನೀಲಮ್ಮ ಆಸ್ಪತ್ರೆಯಿಂದ ಬಂದವರು ಒಲೆ ಮುಟ್ಟಲಿಲ್ಲ. ನನಗೊಂದು ಲೋಟ ನೀರು ಕೂಡ ಕೊಡಲಿಲ್ಲ. "ಈ ಕೈ ಸುಟ್ಟ ಹಾಕ್ಬೇಕ್ರಿ ಬಾಯಿ" ಎನ್ನುತ್ತಿದ್ದರು. ಶರಣು ಕಾರ್ಖಾನೆಯಿಂದ ಬಂದು ತಾನೇ ಅಡುಗೆ ಮಾಡುತ್ತಿದ್ದ, ಅದನ್ನೂ ಅವರು ಎರಡು ತುತ್ತು ತಿಂದರೆ ಹೆಚ್ಚು. ಗೋಡೆಯಾಚೆ ಜಗಳವಿಲ್ಲ, ಮಾತಿಲ್ಲ. ಆ ನಿಶ್ಶಬ್ದಕ್ಕೆ ನನಗೆ ನಿದ್ದೆ ಬರುತ್ತಿರಲಿಲ್ಲ, ನಂಬುತ್ತೀರೋ ಬಿಡುತ್ತೀರೋ. ನಿಮ್ಮ ತಪ್ಪಲ್ಲ ಎಂದು ಮೆಲ್ಲಗೆ ಹೇಳಿದೆ, ಬೈದು ಹೇಳಿದೆ, ಅತ್ತೂ ಹೇಳಿದೆ. "ನೀವು ಓದಿದವರ್ರಿ, ನಿಮಗ ಹಂಗ ಅನಸ್ತದ. ಕೊಟ್ಟಿದ್ದು ನನ್ನ ಕೈ ಅಲ್ಲೇನ್ರಿ?" ಎಂದರು. ಅಟ್ರೋಪಿನ್‌ಗೆ ಇಷ್ಟು ಅಂತ ಲೆಕ್ಕವಿದೆ, ಇದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಎಳ್ಳಮವಾಸ್ಯೆ ಬಂತು. ಆ ದಿನ ಆ ಸೀಮೆಯಲ್ಲಿ ಊರಿಗೆ ಊರೇ ಹೊಲದಲ್ಲಿ. ಹತ್ತಾರು ಕಾಳು, ಸೊಪ್ಪು ಹಾಕಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂಡಿಸಿ ಉಣಿಸುತ್ತಾರೆ. ನೀಲಮ್ಮನ ಭಜ್ಜಿಗೆ ಪ್ರತಿ ವರ್ಷ ಅಕ್ಕಪಕ್ಕದ ಹೊಲದವರು ಕಾಯುತ್ತಿದ್ದರಂತೆ. ಆ ವರ್ಷ ಭಜ್ಜಿ ಮಾಡಿದ್ದು ಪಕ್ಕದ ಮನೆಯ ಹೆಂಗಸರು. ನಾನಂತೂ ಕಾಳು ಯಾವ ಹೊಲದ್ದು, ಯಾವಾಗ ಹೊಡೆದಿರಿ, ಏನು ಹೊಡೆದಿರಿ ಎಂದು ವಿಚಾರಿಸಿಕೊಂಡೇ ಚಾಪೆಯ ಮೇಲೆ ಕೂತೆ. "ಬಾಯಿಯವರು ಎಲಿ ಎಲಿಗೂ ಸಾಕ್ಷಿ ಕೇಳಾಕತ್ತಾರ" ಎಂದು ನಕ್ಕರು. ನಗಲಿ. ನೀಲಮ್ಮ ದೂರದಲ್ಲಿ ಬೇವಿನ ಮರದ ಕೆಳಗೆ, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಬ್ಬರೇ ಕೂತಿದ್ದರು.

ಬಿಸಿಲೇರುವ ಹೊತ್ತಿಗೆ ಬದುವಿನ ಮೇಲೆ ಒಂದು ಬೈಕ್ ಬಂತು. ಪರಮೇಶ, ಅವನ ಹಿಂದೆ ಸುನೀತಾ. ಸೊರಗಿದ್ದಳು, ನಡೆಯುವಾಗ ಕಾಲು ಸ್ವಲ್ಪ ತಡವರಿಸುತ್ತಿತ್ತು. ಶರಣು ಎದ್ದು ನಿಂತವನು ಹಾಗೇ ನಿಂತ. ಅವಳು ನೇರ ಬೇವಿನ ಮರದ ಕೆಳಗೆ ಹೋಗಿ ಅತ್ತೆಯ ಎದುರು ಕುಳಿತಳು. ಪಕ್ಕದ ಮನೆಯವಳು ಓಡಿಬಂದು ತಟ್ಟೆಯಲ್ಲಿ ರೊಟ್ಟಿ ಭಜ್ಜಿ ಇಟ್ಟಳು. ಸುನೀತಾ ತಟ್ಟೆಯನ್ನು ನೀಲಮ್ಮನ ಮುಂದಕ್ಕೆ ಸರಿಸಿದಳು.

"ಅತ್ತಿ, ತಿನಸ್ರಿ."

"ಬ್ಯಾಡ ನನ್ನವ್ವ. ಈ ಕೈಲೆ ಬ್ಯಾಡ."

"ಈ ಕೈಲೇನ ಬೇಕು. ಇಲ್ಲಾಂದ್ರ ಉಪಾಸ ಕುಂದರ್ತೀನಿ. ಊರಿಂದ ಏನೂ ತಿನ್ನದ ಬಂದೀನಿ."

ನೀಲಮ್ಮ ಎದ್ದರು. ಕೊಡದ ನೀರು ಬಗ್ಗಿಸಿಕೊಂಡು ಕೈ ತೊಳೆದರು, ಮತ್ತೆ ತೊಳೆದರು, ಸಾಲದೆಂದು ಮತ್ತೊಮ್ಮೆ ತೊಳೆದರು. ಸುನೀತಾ ಸಾಕು ಎನ್ನಲಿಲ್ಲ, ಕಾಯುತ್ತಾ ಕುಳಿತಳು. ಕೊನೆಗೆ ನೀಲಮ್ಮ ರೊಟ್ಟಿ ಮುರಿದು, ಭಜ್ಜಿಯಲ್ಲಿ ಅದ್ದಿ, ಅದೇ ಕೈಯಿಂದ ಸೊಸೆಯ ಬಾಯಿಗೆ ಇಟ್ಟರು. ಸುನೀತಾ ನಿಧಾನವಾಗಿ ಜಗಿದು ನುಂಗಿದಳು.

"ಇದು ನೀವು ಮಾಡಿದ್ದಲ್ಲ" ಎಂದಳು. "ಉಪ್ಪಿಲ್ಲ, ಹದ ಇಲ್ಲ."

"ನೀ ಎಂದ ಹದ ಮಾಡೀದಿ? ಬಂದು ಇನ್ನಾ ಕುಂತಿಲ್ಲ, ಊಟಕ್ಕ ಹೆಸರ ಇಡಾಕತ್ತಾಳ ನೋಡು!" ನೀಲಮ್ಮನ ಬಾಯಿಂದ ತಾನಾಗಿಯೇ ಬೈಗುಳ ಬಂತು, ಬರುತ್ತಿದ್ದಂತೆ ಸೊಸೆಯನ್ನು ಎದೆಗೊತ್ತಿಕೊಂಡು ಜೋರಾಗಿ ಅತ್ತುಬಿಟ್ಟರು. ನಾನೂ ಅತ್ತೆ, ನಾಚಿಕೆ ಇಲ್ಲದೆ.

ಪರಮೇಶ ಅಷ್ಟು ಹೊತ್ತೂ ಬೈಕಿನ ಪಕ್ಕ ತಲೆ ತಗ್ಗಿಸಿಕೊಂಡು ನಿಂತಿದ್ದ. ಈಗ ಬಂದು, ಚಪ್ಪಲಿ ಬಿಟ್ಟು, ತಂಗಿಯ ಪಕ್ಕದಲ್ಲಿ ಮಣ್ಣಿನ ಮೇಲೆಯೇ ಕುಳಿತ. ನೀಲಮ್ಮನ ಮುಖ ನೋಡಲು ಅವನಿಗೆ ಆಗಲಿಲ್ಲ, ಅವರ ಕೈಯನ್ನೇ ನೋಡಿದ.

"ಆಯಿ, ನನಗೂ ಒಂದು ತುತ್ತು ಹಾಕ್ರಿ" ಎಂದ.